ಸಂಜೆಯ ಕಾಲಿಗೊಂದು ಬೂಟು

ಪೀಣ್ಯದ ಮಷಿನ್ ಶಾಪೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವುದು ನನ್ನ ಕೆಲಸ. ಇನ್ಸರ್ಟು, ಕೂಲೆಂಟು, ಕೈಗವಸುಗಳ ಜೊತೆಗೆ ಎಲ್ಲರಿಗೂ ಸೇಫ್ಟಿ ಶೂ ತರಿಸಿಕೊಡುವ ಹೊಣೆಯೂ ನನ್ನದೇ. ಕೊಟ್ಟ ಮೇಲೆ ಆ ಶೂ ಎಲ್ಲಿದೆ ಎಂದು ಗಮನಿಸುವುದು ನನಗೆ ರೂಢಿ. ಊಟದ ಹೊತ್ತಿಗೇ ಅದು ಬೆಂಚಿನ ಕೆಳಗೆ ಸೇರಿ ಕಾಲಿಗೆ ಚಪ್ಪಲಿ ಬಂದಿದ್ದರೆ, ಎಲ್ಲೋ ಕಚ್ಚುತ್ತಿದೆ ಎಂದೇ ಅರ್ಥ. ಹಾಗೆ ಬಿಚ್ಚಿಟ್ಟವರನ್ನು ಗದರಿಸಿ ಪ್ರಯೋಜನವಿಲ್ಲ. ಇಡೀ ಶಿಫ್ಟು ಕಾಂಕ್ರೀಟ್ ನೆಲದ ಮೇಲೆ ನಿಂತು ದುಡಿಯುವವರಿಗೆ ನೋಯಿಸದ ಶೂ ಸಿಕ್ಕರೆ, ಹಾಕಿಕೊಳ್ಳಿ ಎಂದು ಹೇಳುವ ಅಗತ್ಯವೇ ಬೀಳುವುದಿಲ್ಲ.

ಬಹಳ ಮಂದಿ ಶೂ ಕೇಳುವುದು ನಂಬರಿನಲ್ಲಿ. 'ನಂದು ಎಂಟು ಸಾರ್, ಕೊಡಿ' ಎನ್ನುತ್ತಾರೆ. ನಮ್ಮಲ್ಲಿ ನಡೆಯುವ ನಂಬರಿನ ಲೆಕ್ಕದಲ್ಲಿ ಒಂದರಿಂದ ಇನ್ನೊಂದಕ್ಕೆ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್ ವ್ಯತ್ಯಾಸ. ಅದೂ ಉದ್ದದ ಲೆಕ್ಕ ಮಾತ್ರ. ನಮ್ಮವರ ಕಷ್ಟ ಇರುವುದು ಅಗಲದಲ್ಲಿ. ಚಿಕ್ಕಂದಿನಿಂದ ಬರಿಗಾಲಲ್ಲಿ ಓಡಾಡಿ ಬೆಳೆದವರ ಪಾದ ಮುಂಭಾಗದಲ್ಲಿ ಹರಡಿಕೊಂಡಿರುತ್ತದೆ. ಬೆಲ್ಜಿಯಂನ ಸಂಶೋಧಕರು ಭಾರತದ ಬರಿಗಾಲಿನವರ ಪಾದಗಳನ್ನು ಅಳೆದು 2009ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಅಂಥ ಪಾದವನ್ನು ಚೂಪು ಮೂತಿಯ ಶೂಗೆ ತುರುಕಿದರೆ ಕಿರುಬೆರಳಿನ ಪಕ್ಕ ಮೊದಲು ಬೊಬ್ಬೆ, ಆಮೇಲೆ ಆಣಿ. 'ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ' ಎಂದು ಅಂಗಡಿಯವರು ಹೇಳುವ ಮಾತು ಚರ್ಮದ ಚಪ್ಪಲಿಗೆ ಸರಿ. ಸೇಫ್ಟಿ ಶೂವಿನ ಮೂತಿಯೊಳಗೆ ಉಕ್ಕಿನ ಕ್ಯಾಪ್ ಇದೆ. ಚರ್ಮ ಹಿಗ್ಗೀತು, ಉಕ್ಕು ಹಿಗ್ಗುವುದಿಲ್ಲ. ಮೊದಲ ದಿನ ಬೆರಳು ಒತ್ತಿದ ಕ್ಯಾಪ್ ವರ್ಷ ಕಳೆದರೂ ಒತ್ತುತ್ತಲೇ ಇರುತ್ತದೆ.

ಆದ್ದರಿಂದ ಶೂ ಹಾಕಿ ನೋಡುವುದನ್ನು ಸಂಜೆಗೆ ಇಟ್ಟುಕೊಳ್ಳಿ. ದಿನವೆಲ್ಲ ನಿಂತ ಕಾಲು ಆ ಹೊತ್ತಿಗೆ ಸ್ವಲ್ಪ ಊದಿರುತ್ತದೆ. ಬೆಳಗ್ಗೆ ಸರಿಯಾಗಿ ಕೂತ ಶೂ ನಾಲ್ಕು ಗಂಟೆಗೆ ಬಿಗಿಯುವುದು ಅದಕ್ಕೇ. ಕೆಲಸಕ್ಕೆ ಹಾಕುವ ದಪ್ಪ ಕಾಲುಚೀಲವನ್ನೇ ತೊಟ್ಟು ಹೋಗಿ. ಎರಡೂ ಕಾಲಿಗೆ ಹಾಕಿ, ದೊಡ್ಡ ಕಾಲು ಯಾವುದೋ ಅದರ ಅಳತೆ ಹಿಡಿಯಿರಿ. ಲೇಸು ಕಟ್ಟುವ ಮೊದಲು ಪಾದವನ್ನು ಮುಂದಕ್ಕೆ ದೂಡಿದರೆ ಹಿಮ್ಮಡಿಯ ಹಿಂದೆ ಒಂದು ಬೆರಳು ಇಳಿಯಬೇಕು. ಕಟ್ಟಿ ನಡೆದಾಗ ಹಿಮ್ಮಡಿ ಮೇಲೇಳಬಾರದು. ಇಷ್ಟಾದ ಮೇಲೆ ನಾನು ಕುಕ್ಕರುಗಾಲಲ್ಲಿ ಕೂರಿಸುತ್ತೇನೆ. ನಮ್ಮ ವೆಲ್ಡರುಗಳು, ಫಿಟ್ಟರುಗಳು ಅರ್ಧ ಕೆಲಸ ಮಾಡುವುದೇ ಹಾಗೆ ಕೂತು. ಆಗ ಪಾದ ಬೆರಳಿನ ಬುಡದಲ್ಲಿ ಮಡಚುತ್ತದೆ, ಕ್ಯಾಪಿನ ಹಿಂಬದಿಯ ಅಂಚು ಸರಿಯಾಗಿ ಆ ಗೆಣ್ಣಿನ ಮೇಲೆ ಬಂದು ಕೂರುತ್ತದೆ. ಒಳ್ಳೆಯ ಶೂನಲ್ಲಿ ಆ ಅಂಚಿಗೆ ಮೆತ್ತನೆಯ ಪಟ್ಟಿ ಇರುತ್ತದೆ. ಒಳಗೆ ಕೈಹಾಕಿ ಸವರಿದರೆ ಬೆರಳಿಗೆ ಸಿಗುತ್ತದೆ. ಉಕ್ಕಿನ ಗೆರೆ ನೇರವಾಗಿ ತಾಗಿದರೆ ಆ ಶೂ ಬೇಡ.

ಹೆಣ್ಣುಮಕ್ಕಳ ವಿಷಯದಲ್ಲಿ ನನಗೆ ನಿಜಕ್ಕೂ ಬೇಸರವಿದೆ. ಇನ್ಸ್‌ಪೆಕ್ಷನ್ನಿನಲ್ಲಿ, ಅಸೆಂಬ್ಲಿಯಲ್ಲಿ ಈಗ ಎಷ್ಟೋ ಮಂದಿ ಮಹಿಳೆಯರಿದ್ದಾರೆ. ಅವರಿಗೆ ಗಂಡಸರ ಅಚ್ಚಿನ ಐದನೇ ನಂಬರು ಕೊಟ್ಟು ಕೈತೊಳೆದುಕೊಳ್ಳುವವರೇ ಹೆಚ್ಚು. ಹೆಂಗಸರ ಹಿಮ್ಮಡಿ ಸಾಮಾನ್ಯವಾಗಿ ಕಿರಿದು. ಶೂ ಹಿಂದೆ ಜಾರುತ್ತದೆ, ಜಾರದಿರಲಿ ಎಂದು ಲೇಸು ಎಳೆದು ಬಿಗಿದರೆ ಪಾದದ ಮೇಲ್ಭಾಗ ನೋಯುತ್ತದೆ. ಹೆಂಗಸರ ಅಚ್ಚಿನಲ್ಲೇ ಮಾಡಿದ ಸೇಫ್ಟಿ ಶೂ ಮಾರುಕಟ್ಟೆಯಲ್ಲಿದೆ. ಕೇಳಿ ತರಿಸಬೇಕು, ಅಷ್ಟೇ.

ಇನ್ನು ಗುರುತು. ಸೇಫ್ಟಿ ಶೂಗೆ ನಮ್ಮ ಮಾನದಂಡ ಐಎಸ್ 15298, ಭಾಗ 2. ಐಎಸ್ಐ ಗುರುತಿನ ಜೊತೆ ಈ ಸಂಖ್ಯೆಯೂ, 'ಸಿಎಂ/ಎಲ್' ಎಂದು ಶುರುವಾಗುವ ಲೈಸೆನ್ಸ್ ನಂಬರೂ ಇರಬೇಕು. ಆ ನಂಬರನ್ನು ಮೊಬೈಲಿನ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಈ ಮಾನದಂಡದ ಕ್ಯಾಪ್ 200 ಜೂಲ್ ಹೊಡೆತ ತಡೆಯಬೇಕು. 20 ಕಿಲೋ ತೂಕ ಸುಮಾರು ಒಂದು ಮೀಟರ್ ಎತ್ತರದಿಂದ ಬಿದ್ದ ಹಾಗೆ. ಬಿದ್ದ ಮೇಲೂ ಎಂಟನೇ ನಂಬರಿನ ಶೂನಲ್ಲಿ ಬೆರಳಿಗೆ 14 ಮಿಲಿಮೀಟರ್ ಜಾಗ ಉಳಿಯಬೇಕು. ಒಮ್ಮೆ ಅಂಥ ಹೊಡೆತ ತಿಂದ ಶೂ ಹೊರಗೆ ಚೆನ್ನಾಗಿ ಕಂಡರೂ ಮತ್ತೆ ಹಾಕಬೇಡಿ.

ಅಟ್ಟೆಯಲ್ಲಿ ಕೆಲಸಕ್ಕೆ ತಕ್ಕ ಆಯ್ಕೆ ಬೇಕು. ಪಿವಿಸಿ ಅಗ್ಗ, ಆದರೆ ಭಾರ. ಮಷಿನ್ ಶಾಪಿಗೆ ಎರಡು ಪದರದ ಪಿಯು, ಅಂದರೆ ಪಾಲಿಯುರೆಥೇನ್, ಒಳ್ಳೆಯದು: ಒಳಪದರ ಮೆತ್ತಗೆ, ನೆಲಕ್ಕೆ ತಾಗುವ ಪದರ ಗಟ್ಟಿ, ಒಟ್ಟಾರೆ ಹಗುರ, ಎಣ್ಣೆಗೂ ತಡೆಯುತ್ತದೆ. ಫೌಂಡ್ರಿ, ಫೋರ್ಜಿಂಗ್ ಕಡೆಯವರು ನೈಟ್ರೈಲ್ ರಬ್ಬರಿಗೇ ಹೋಗಬೇಕು. ಬಿಸಿ ತಡೆಯುವ ಅಟ್ಟೆಯನ್ನು 300 ಡಿಗ್ರಿಯ ಲೋಹಕ್ಕೆ ಒಂದು ನಿಮಿಷ ತಾಗಿಸಿ ಪರೀಕ್ಷಿಸುತ್ತಾರೆ. ಕಟ್ಟಡದ ಸೈಟಿನವರಿಗೆ ಸೆಂಟ್ರಿಂಗ್ ಹಲಗೆಯ ಮೊಳೆಯೇ ಶತ್ರು. ಶೂ ಮೇಲೆ ಎಸ್1ಪಿ ಅಥವಾ ಎಸ್3 ಎಂದಿದ್ದರೆ ಮೊಳೆ ತಡೆಯುವ ತಗಡೋ ನೇಯ್ದ ಪದರವೋ ಒಳಗಿದೆ ಎಂದು ತಿಳಿಯಿರಿ.

ಪಿಯು ಅಟ್ಟೆಗೊಂದು ದೌರ್ಬಲ್ಯವಿದೆ, ಸ್ವಂತ ದುಡ್ಡಲ್ಲಿ ಕೊಳ್ಳುವವರು ಇದನ್ನು ಅಗತ್ಯ ತಿಳಿದಿರಬೇಕು. ಗಾಳಿಯ ತೇವ ಅದನ್ನು ನಿಧಾನಕ್ಕೆ ಒಳಗಿಂದಲೇ ಮುರಿಯುತ್ತದೆ. ಡಬ್ಬಿಯಲ್ಲಿ ಹಾಗೇ ಇಟ್ಟ, ಒಮ್ಮೆಯೂ ಹಾಕದ ಶೂ ಕೆಲವು ವರ್ಷಗಳ ನಂತರ ಕಾಲಿಗೇರಿಸಿದ ದಿನವೇ ಅಟ್ಟೆ ಪುಡಿಪುಡಿಯಾಗಿ ಉದುರಬಹುದು. ಅರ್ಧ ಬೆಲೆಗೆ ಹಳೇ ಸ್ಟಾಕು ತೋರಿಸಿದರೆ ಮೊದಲು ತಯಾರಾದ ತಿಂಗಳು, ವರ್ಷ ನೋಡಿ. ಶೂ ಮೇಲೆಯೇ ಅದು ಇರುತ್ತದೆ.

ಚರ್ಮ ನೋಡಲು ಹೆಬ್ಬೆರಳು ಸಾಕು. ಒತ್ತಿದಾಗ ಸಣ್ಣ ಸಣ್ಣ ನೆರಿಗೆ ಎದ್ದು, ಬಿಟ್ಟ ಕೂಡಲೇ ಮಾಯವಾದರೆ ಮೇಲ್ಪದರದ ಗಟ್ಟಿ ಚರ್ಮ. ತೀರಾ ನುಣುಪಾಗಿ ಹೊಳೆಯುತ್ತ, ಪ್ಲಾಸ್ಟಿಕ್ಕಿನ ಹಾಗೆ ದಪ್ಪ ಮಡಿಕೆ ಬಿದ್ದರೆ ಕೆಳಪದರದ ಚರ್ಮಕ್ಕೆ ಹಾಳೆ ಅಂಟಿಸಿರುವ ಸಾಧ್ಯತೆ ಹೆಚ್ಚು. ಅದು ಮಡಚುವ ಜಾಗದಲ್ಲೇ ಸುಲಿಯುತ್ತದೆ.

ನೆನೆದ ಶೂವನ್ನು ಬಿಸಿಲಿಗಾಗಲಿ ಫರ್ನೇಸಿನ ಪಕ್ಕಕ್ಕಾಗಲಿ ಇಡಬೇಡಿ, ಚರ್ಮ ಸೆಟೆದು ಬಿರಿಯುತ್ತದೆ. ಒಳಹಾಸು ತೆಗೆದು, ಹಳೇ ಪೇಪರು ತುರುಕಿ, ನೆರಳಲ್ಲಿ ಗಾಳಿಗೆ ಬಿಡಿ. ಎರಡು ಜೋಡಿ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿದರೆ ಬೆವರು ಪೂರ್ತಿ ಒಣಗುತ್ತದೆ, ಎರಡೂ ಹೆಚ್ಚು ಕಾಲ ಬರುತ್ತವೆ.

ಹೊಸ ಜೋಡಿ ಕೇಳಲು ಬಂದವರಿಂದ ನಾನು ಹಳೆಯದನ್ನು ತರಿಸಿಕೊಳ್ಳುತ್ತೇನೆ. ಚರ್ಮ ಕಿರುಬೆರಳಿನ ಬಳಿ ಸೀಳಿದ್ದರೆ ಮುಂದಿನ ಸಲ ಅಗಲ ಮೂತಿಯದು. ಒಳಗೆ ಹಿಮ್ಮಡಿಯ ಬಟ್ಟೆ ತೂತಾಗಿದ್ದರೆ ಶೂ ಸಡಿಲವಿತ್ತು, ಒಂದು ನಂಬರು ಚಿಕ್ಕದು ಹಾಕಿಸಿ ನೋಡಬೇಕು. ನಾಲಗೆಯ ಮೇಲೆ ಸುಟ್ಟ ಚುಕ್ಕೆಗಳಿದ್ದರೆ ವೆಲ್ಡಿಂಗ್ ಕಿಡಿ ಲೇಸಿನ ಸಂದಿಯಲ್ಲಿ ಇಳಿದಿದೆ. ಅವರಿಗೆ ಲೇಸಿಲ್ಲದ, ಮೇಲೆ ಮುಚ್ಚಿದ ಬೂಟನ್ನೇ ಬರೆದು ಆರ್ಡರ್ ಕಳಿಸುತ್ತೇನೆ.