ಕಲ್ಲು ಶೀಶೆಯಲ್ಲಿದೆ, ಚೀಲವೆಲ್ಲಿ?

ಪಿತ್ತಕಲ್ಲಿನ ಶಸ್ತ್ರಚಿಕಿತ್ಸೆ ಇಂದು ನಮ್ಮ ಕುಟುಂಬಗಳಿಗೆ ಹೊಸದೇನಲ್ಲ. ಹೊಟ್ಟೆಯಲ್ಲಿ ಮೂರು ನಾಲ್ಕು ಸಣ್ಣ ರಂಧ್ರಗಳನ್ನು ಮಾಡಿ ಪಿತ್ತಕೋಶವನ್ನು ಹೊರತೆಗೆಯುತ್ತಾರೆ. ಕೆಲವೇ ದಿನಗಳಲ್ಲಿ ರೋಗಿ ಮನೆ ಸೇರುತ್ತಾರೆ. ಹೊರಬಂದ ಕಲ್ಲುಗಳನ್ನು ಪುಟ್ಟ ಶೀಶೆಯಲ್ಲಿ ಹಾಕಿ ಮನೆಯವರ ಕೈಗೆ ಕೊಡುವ ರೂಢಿಯೂ ಉಂಟು. ನೋಡಲು ಬಂದ ನೆಂಟರಿಷ್ಟರಿಗೆಲ್ಲ ನಾವು ಆ ಶೀಶೆಯನ್ನು ತೋರಿಸುತ್ತೇವೆ, ಕಲ್ಲುಗಳನ್ನು ಎಣಿಸಿ ಬೆರಗಾಗುತ್ತೇವೆ. ಆ ಕಲ್ಲುಗಳನ್ನು ಹೊತ್ತಿದ್ದ ಚೀಲವೇನಾಯಿತೆಂದು ವಿಚಾರಿಸುವವರು ಮಾತ್ರ ವಿರಳ.

ಯಕೃತ್ತಿನ ಅಡಿಯಲ್ಲಿ ಅಂಟಿಕೊಂಡಿರುವ, ಮರಸೇಬಿನ ಆಕಾರದ ಈ ಚಿಕ್ಕ ಚೀಲಕ್ಕೂ ಕ್ಯಾನ್ಸರ್ ತಗಲುವುದೆಂದು 1777ರಲ್ಲಿಯೇ ವಿಯೆನ್ನಾದ ವೈದ್ಯ ಮ್ಯಾಕ್ಸಿಮಿಲಿಯನ್ ಸ್ಟಾಲ್ ವರ್ಣಿಸಿದ್ದರು. ಅದು ಪುರುಷರಿಗಿಂತ ಸ್ತ್ರೀಯರನ್ನು ಹೆಚ್ಚಾಗಿ ಕಾಡುತ್ತದೆ. ಪಿತ್ತಕೋಶದ ಗೋಡೆ ಬಹಳ ತೆಳು; ಕರುಳಿನ ಗೋಡೆಯಲ್ಲಿರುವ ಒಂದು ನಡುಪದರ ಇದಕ್ಕಿಲ್ಲ. ಆದುದರಿಂದ ಒಳಪೊರೆಯಲ್ಲಿ ಹುಟ್ಟಿದ ಕ್ಯಾನ್ಸರ್ ಬಹುಬೇಗ ಯಕೃತ್ತನ್ನು ತಲುಪುತ್ತದೆ. ಆರಂಭದಲ್ಲಿ ನೋವಿಲ್ಲ, ನೋವಿದ್ದರೂ ಅದು ಕಲ್ಲಿನ ನೋವಿನಂತೆಯೇ ಇರುತ್ತದೆ.

ಇಂತಹ ಕ್ಯಾನ್ಸರುಗಳಲ್ಲಿ ಬಹುಪಾಲು ‘ಅಡೆನೊಕಾರ್ಸಿನೋಮ’ ಎಂಬ ಸಾಮಾನ್ಯ ಬಗೆಯವು. ಅತಿ ವಿರಳವಾಗಿ ಕಾಣಿಸಿಕೊಳ್ಳುವ ಇನ್ನೊಂದು ಬಗೆಯಿದೆ: ‘ಸ್ಮಾಲ್ ಸೆಲ್ ನ್ಯೂರೊಎಂಡೊಕ್ರೈನ್ ಕಾರ್ಸಿನೋಮ’. ಹೆಸರು ನಾಲಿಗೆಗೆ ಕಷ್ಟ, ರೋಗ ಅದಕ್ಕಿಂತಲೂ ಕಠಿಣ. ಸಾಮಾನ್ಯವಾಗಿ ಶ್ವಾಸಕೋಶದಲ್ಲಿ ಹುಟ್ಟುವ ಈ ಸಣ್ಣ ಜೀವಕೋಶಗಳ ಕ್ಯಾನ್ಸರ್ ಪಿತ್ತಕೋಶಕ್ಕೆ ಹೇಗೆ ಬಂತೆಂದು ಕೇಳಿದರೆ, ಕಲ್ಲುಗಳ ದೀರ್ಘಕಾಲದ ಉರಿಯೂತದಿಂದ ಒಳಪೊರೆಯ ಸ್ವಭಾವವೇ ಮಾರ್ಪಟ್ಟಿರಬಹುದೆಂದು ತಜ್ಞರು ಊಹಿಸುತ್ತಾರೆ. ಇದು ಪತ್ತೆಯಾಗುವಷ್ಟರಲ್ಲಿ ಎಷ್ಟೋ ರೋಗಿಗಳಲ್ಲಿ ದುಗ್ಧಗ್ರಂಥಿಗಳಿಗೂ ಯಕೃತ್ತಿಗೂ ಹಬ್ಬಿರುತ್ತದೆ. ಸಿಸ್‌ಪ್ಲಾಟಿನ್ ಮತ್ತು ಎಟೊಪೊಸೈಡ್ ಔಷಧಿಗಳಿಗೆ ಗಡ್ಡೆ ಮೊದಲು ಕುಗ್ಗಬಹುದು, ಆದರೆ ಮರಳಿ ಬರುವುದೇ ಹೆಚ್ಚು. ಹಬ್ಬಿದ ಮೇಲೆ ಬದುಕಿನ ಲೆಕ್ಕ ಸಾಮಾನ್ಯವಾಗಿ ತಿಂಗಳುಗಳಲ್ಲಿ.

ಕಲ್ಲಿರುವವರೆಲ್ಲರೂ ಇದನ್ನೋದಿ ಹೆದರಬೇಕಾಗಿಲ್ಲ. ಅವರಲ್ಲಿ ಬಹುಮಂದಿಗೆ ಎಂದಿಗೂ ಕ್ಯಾನ್ಸರ್ ಬರುವುದಿಲ್ಲ. ದಕ್ಷಿಣ ಭಾರತದಲ್ಲಿ ಪಿತ್ತಕೋಶದ ಕ್ಯಾನ್ಸರೇ ಕಡಿಮೆ. ಉತ್ತರ ಪ್ರದೇಶ, ಬಿಹಾರಗಳ ಗಂಗಾ ಬಯಲಿನಲ್ಲಿ ಮತ್ತು ದೂರದ ಚಿಲಿ ದೇಶದಲ್ಲಿ ಅದರ ಹಾವಳಿ ಹೆಚ್ಚು. ಆದರೆ ನಮ್ಮ ಮನೆಗಳ ಎಷ್ಟೋ ಹೆಣ್ಣುಮಕ್ಕಳು ದಾದಿಯರಾಗಿ, ಧರ್ಮಭಗಿನಿಯರಾಗಿ ಆ ಸೀಮೆಯಲ್ಲಿಯೇ ವರ್ಷಗಟ್ಟಲೆ ದುಡಿದವರು. ರಜೆಗೆಂದು ಊರಿಗೆ ಬಂದಾಗ ಬಲಪಕ್ಕೆಯಡಿ ನೋವೆಂದರೆ, ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ತಳ್ಳಿಹಾಕದೆ ಒಂದು ಸ್ಕ್ಯಾನಿಂಗ್ ಮಾಡಿಸುವುದು ಒಳಿತು.

ಈಗ ಆ ಚೀಲದ ವಿಷಯ. ತೆಗೆದ ಪಿತ್ತಕೋಶವನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗ, ಯಾರೂ ಶಂಕಿಸದಿದ್ದ ಕ್ಯಾನ್ಸರ್ ಅಪರೂಪಕ್ಕೊಮ್ಮೆ ಬೆಳಕಿಗೆ ಬರುತ್ತದೆ. ಸಾಮಾನ್ಯ ಬಗೆಯದು ಒಳಪೊರೆಯನ್ನು ದಾಟಿರದಿದ್ದರೆ ಆದ ಶಸ್ತ್ರಚಿಕಿತ್ಸೆಯೇ ಸಾಕಾಗಬಹುದು. ಸ್ನಾಯುಪದರಕ್ಕೆ ಇಳಿದಿದ್ದರೆ ಯಕೃತ್ತಿನ ಸ್ವಲ್ಪ ಭಾಗವನ್ನೂ ದುಗ್ಧಗ್ರಂಥಿಗಳನ್ನೂ ತೆಗೆಯುವ ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ವಿರಳ ಬಗೆಯದಾದರೆ ಔಷಧಿಯೇ ಬೇರೆ. ಇಷ್ಟೆಲ್ಲವೂ ನಿಂತಿರುವುದು ಆ ಒಂದು ಹಾಳೆಯ ಮೇಲೆ. ವರದಿ ಬರಲು ಕೆಲವು ದಿನಗಳು ಹಿಡಿಯುತ್ತವೆ. ಅಷ್ಟರಲ್ಲಿ ರೋಗಿ ಮನೆ ಸೇರಿ, ಗಾಯ ಒಣಗಿ, ಎಲ್ಲರೂ ಅದನ್ನು ಮರೆತಿರುತ್ತಾರೆ. ಸಾವಿರಾರು ರೂಪಾಯಿಗಳ ಬಿಲ್ಲು ತೆತ್ತವರು, ಉಳಿತಾಯವೆಂದು ಈ ಪರೀಕ್ಷೆಯನ್ನೇ ಕೈಬಿಡುವುದು ನಮಗೆ ವಿಚಿತ್ರವಾಗಿ ತೋರುತ್ತದೆ.

ಕಾಮಾಲೆಯ ಕುರಿತೂ ಒಂದು ಮಾತು. ಕಣ್ಣು ಹಳದಿಯಾದೊಡನೆ ನೆಲನೆಲ್ಲಿಯ ರಸ ಕುಡಿಸಿ, ಪಥ್ಯ ಹಿಡಿಸಿ ವಾರಗಟ್ಟಲೆ ಕಾಯುವುದು ನಮ್ಮಲ್ಲಿ ಇನ್ನೂ ಇದೆ. ಮೈತುರಿಕೆ, ಬಿಳಿಚಿದ ಮಲ, ಕಡುಬಣ್ಣದ ಮೂತ್ರ ಇವು ಕೂಡಿಬಂದರೆ ಪಿತ್ತನಾಳಕ್ಕೆ ಎಲ್ಲೋ ತಡೆಯಾಗಿದೆಯೆಂದು ಅರ್ಥ. ರಸದಿಂದ ಆ ತಡೆ ಬಿಡದು. ಗುಣವಾಗದ ಹಂತದಲ್ಲಿಯೂ ನಾಳದೊಳಗೆ ಸ್ಟೆಂಟ್ ಎಂಬ ಕೊಳವೆಯಿಟ್ಟು ಪಿತ್ತರಸಕ್ಕೆ ದಾರಿ ಮಾಡಿದರೆ ತುರಿಕೆ ಇಳಿದು ರೋಗಿಗೆ ನಿದ್ರೆ ಬರುತ್ತದೆ.

ವರದಿಯಲ್ಲಿ ಕೆಟ್ಟ ಸುದ್ದಿಯಿದ್ದರೆ ಅದನ್ನು ಬೀರುವಿನಲ್ಲಿಟ್ಟು ‘ಅಮ್ಮನಿಗೆ ಹೇಳಬೇಡಿ’ ಎನ್ನುವ ಮಕ್ಕಳನ್ನು ನಾವು ಬಲ್ಲೆವು. ಅವರ ಪ್ರೀತಿಯಲ್ಲಿ ಸಂದೇಹವಿಲ್ಲ. ಆದರೆ ಆ ತಾಯಿಗೆ ನೋಡಬೇಕಾದ ಮಗಳೊಬ್ಬಳಿರಬಹುದು, ಸರಿಪಡಿಸಿಕೊಳ್ಳಬೇಕಾದ ಹಳೆಯ ಮುನಿಸೊಂದಿರಬಹುದು. ಧರ್ಮಗುರುಗಳನ್ನು ಪ್ರಜ್ಞೆಯಿರುವಾಗಲೇ ಕಾಣಬೇಕೆಂಬ ಆಸೆಯೂ ಇರಬಹುದು. ನೋವಿನ ಮಾತಿಗೆ ಬಂದರೆ, ಮಾರ್ಫಿನ್ ಮಾತ್ರೆಗಳಿಗಿದ್ದ ಕಾನೂನಿನ ಬಿಗಿ 2014ರ ತಿದ್ದುಪಡಿಯಿಂದ ಸಡಿಲಗೊಂಡಿದೆ. ನೋವುಶಮನ ಚಿಕಿತ್ಸೆ ಎಲ್ಲಿ ದೊರೆಯುವುದೆಂದು ವೈದ್ಯರನ್ನು ಮೊದಲ ಭೇಟಿಯಲ್ಲಿಯೇ ಕೇಳಬಹುದು.