ಮನೆಯಲ್ಲಿಯೇ ಧ್ವನಿಮುದ್ರಣ: ಗಣಕಯಂತ್ರ ಮತ್ತು ಆಡಿಯೋ ಇಂಟರ್‌ಫೇಸ್‌ ಆರಿಸುವ ಬಗೆ

ದೀಪಾವಳಿಯ ರಾತ್ರಿಗಳಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಹಳ್ಳಿಗಳಲ್ಲಿ ಅಂಟಿಗೆ-ಪಂಟಿಗೆಯ ತಂಡಗಳು ದೀಪ ಹಿಡಿದು ಮನೆಮನೆಗೆ ಬಂದು ಹಾಡುವುದನ್ನು ನೀವು ಕೇಳಿರಬಹುದು. ಈ ಹಾಡುಗಳು ಬಾಯಿಂದ ಬಾಯಿಗೆ ಬಂದವು. ಪದಗಳನ್ನು ಪುಸ್ತಕದಲ್ಲಿ ಬರೆದಿಡಬಹುದು. ಆದರೆ ಧಾಟಿ ಉಳಿಯಬೇಕಾದರೆ ಹಾಡುವ ಹಿರಿಯರು ಇರುವಾಗಲೇ ಅದನ್ನು ಮುದ್ರಿಸಿಕೊಳ್ಳಬೇಕು. ಹಿಂದೆ ಒಳ್ಳೆಯ ಮುದ್ರಣಕ್ಕೆ ಆಕಾಶವಾಣಿ ಕೇಂದ್ರವನ್ನೋ ನಗರದ ಸ್ಟುಡಿಯೋವನ್ನೋ ಅವಲಂಬಿಸಬೇಕಾಗಿತ್ತು. ಇಂದು ಕೋಣಂದೂರಿನಂತಹ ಊರಿನ ಮನೆಯ ಕೋಣೆಯಲ್ಲಿಯೇ ಅದು ಸಾಧ್ಯ. ಹಾಗಾದರೆ ಯಾವ ಉಪಕರಣ ಕೊಳ್ಳಬೇಕು?

ಧ್ವನಿ ಸಾಗುವ ದಾರಿ

ಹಾಡುಗಾರರ ಕಂಠದಿಂದ ಹೊರಟ ಧ್ವನಿ ಮೊದಲು ಕೋಣೆಯ ಗಾಳಿಯಲ್ಲಿ ಸಾಗುತ್ತದೆ. ಮೈಕ್‌ ಅದನ್ನು ಕ್ಷೀಣವಾದ ವಿದ್ಯುತ್‌ ಸಂಕೇತವನ್ನಾಗಿ ಮಾಡುತ್ತದೆ. ಇಂಟರ್‌ಫೇಸ್‌ ಎಂಬ ಪುಟ್ಟ ಪೆಟ್ಟಿಗೆ ಆ ಸಂಕೇತವನ್ನು ಹಿಗ್ಗಿಸಿ ಅಂಕಿಗಳನ್ನಾಗಿ ಪರಿವರ್ತಿಸುತ್ತದೆ. ಗಣಕಯಂತ್ರದ ಕೆಲಸ ಈ ಅಂಕಿಗಳನ್ನು ಬರೆದಿಡುವುದು. ಆದುದರಿಂದ ಮೊದಲ ಹಂತಗಳಲ್ಲಿ ಕೆಟ್ಟ ಧ್ವನಿಯನ್ನು ಎಷ್ಟೇ ದುಬಾರಿಯ ಗಣಕಯಂತ್ರವೂ ಪೂರ್ತಿಯಾಗಿ ಸರಿಪಡಿಸಲಾರದು. ಈ ಒಂದು ಮಾತು ನೆನಪಿದ್ದರೆ ಆಯ್ಕೆ ಅರ್ಧ ಮುಗಿದಂತೆ.

ಅಂಕಿಗಳ ಅರ್ಥ

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿಯನ್ನು ಕೇಳಬಲ್ಲದು. ಅದನ್ನು ಸರಿಯಾಗಿ ದಾಖಲಿಸಲು ಎರಡು ಪಟ್ಟಿಗಿಂತ ಹೆಚ್ಚು ಬಾರಿ ಅಳೆಯಬೇಕು. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಳತೆಗಳಿರುವುದು ಇದರಿಂದಲೇ. ಪ್ರತಿ ಅಳತೆಯ ಸೂಕ್ಷ್ಮತೆಯನ್ನು ಬಿಟ್‌ಗಳಲ್ಲಿ ಹೇಳುತ್ತಾರೆ. ನಿಮ್ಮ ಕೆಲಸಕ್ಕೆ 24 ಬಿಟ್‌ ಮತ್ತು 48,000 ಅಳತೆ ಸಾಕು. ಎರಡು ಮೈಕ್‌ಗಳ ಒಂದು ಗಂಟೆಯ ಮುದ್ರಣಕ್ಕೆ ಸುಮಾರು 1 ಗಿಗಾಬೈಟ್‌ ಜಾಗ ಬೇಕಾಗುತ್ತದೆ. 192 ಕಿಲೋಹರ್ಟ್ಸ್‌ ಎಂಬ ಜಾಹೀರಾತಿಗೆ ಮರುಳಾಗಿ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ.

ಇಂಟರ್‌ಫೇಸ್‌ ಆರಿಸುವಾಗ

ಏಕಕಾಲಕ್ಕೆ ಎಷ್ಟು ಮೈಕ್‌ ಬೇಕೆಂದು ಮೊದಲು ಎಣಿಸಿ. ಒಬ್ಬರ ಹಾಡಿಗೆ ಒಂದು ಸಾಕು. ಮುಂದಾಳುಗಳು ಹಾಡಿದ್ದನ್ನು ಉಳಿದವರು ಹಿಂಬಾಲಿಸುವ ತಂಡಕ್ಕೆ ಎರಡು ಬೇಕು. ಯಕ್ಷಗಾನದ ಭಾಗವತರು, ಮದ್ದಲೆ, ಚೆಂಡೆಗಳನ್ನು ಬೇರೆಬೇರೆಯಾಗಿ ಮುದ್ರಿಸುವುದಾದರೆ ನಾಲ್ಕು ಮೈಕ್‌ಗಳ ಪೆಟ್ಟಿಗೆ ಕೊಳ್ಳಿ. ಕಂಡೆನ್ಸರ್‌ ಮೈಕ್‌ ಬಳಸುವುದಾದರೆ 48 ವೋಲ್ಟಿನ ಫ್ಯಾಂಟಮ್‌ ಪವರ್‌ ಇದೆಯೇ ನೋಡಿ. ಡೈನಮಿಕ್‌ ಮೈಕ್‌ಗೆ ಅದು ಬೇಡ. ಹಾಡುವವರು ತಮ್ಮ ಧ್ವನಿಯನ್ನು ತಡವಿಲ್ಲದೆ ಹೆಡ್‌ಫೋನಿನಲ್ಲಿ ಕೇಳುವ ಡೈರೆಕ್ಟ್‌ ಮಾನಿಟರಿಂಗ್‌ ಸೌಲಭ್ಯವೂ ಇರಲಿ. ಗಣಕಯಂತ್ರದ ಮೂಲಕ ಸುತ್ತಿ ಬಂದ ಧ್ವನಿ ಸ್ವಲ್ಪ ತಡವಾಗಿ ಕೇಳಿ ಹಾಡುವವರ ತಾಳ ತಪ್ಪಿಸುತ್ತದೆ. ಮುದ್ರಿಸುವಾಗ ಮಟ್ಟವನ್ನು ಮೈನಸ್‌ 12 ಡೆಸಿಬಲ್‌ ಸುತ್ತಮುತ್ತ ಇಟ್ಟುಕೊಳ್ಳಿ. ಚೆಂಡೆಯ ಒಂದು ಪೆಟ್ಟು ಸೊನ್ನೆಯ ಗೆರೆ ದಾಟಿದರೆ ಧ್ವನಿ ಒಡೆಯುತ್ತದೆ.

ಗಣಕಯಂತ್ರ ಹೇಗಿರಬೇಕು?

ಧ್ವನಿಯನ್ನಷ್ಟೇ ಮುದ್ರಿಸಲು 8 ಗಿಗಾಬೈಟ್‌ ರ‍್ಯಾಮ್‌ ಇರುವ ಸಾಧಾರಣ ಯಂತ್ರ ಸಾಕು. ಗಣಕಯಂತ್ರದೊಳಗೇ ವಾದ್ಯಗಳ ಧ್ವನಿ ನುಡಿಸಿ ಸಂಗೀತ ಸಂಯೋಜಿಸುವವರಿಗೆ 16 ಇದ್ದರೆ ಒಳ್ಳೆಯದು. ತಿರುಗುವ ಡಿಸ್ಕಿಗಿಂತ ಎಸ್‌.ಎಸ್‌.ಡಿ. ಮೇಲು: ಅದು ವೇಗವಾದದ್ದು, ಸದ್ದನ್ನೂ ಮಾಡದು. ನಿಮ್ಮ ಯಂತ್ರದ ಯು.ಎಸ್‌.ಬಿ. ಕಿಂಡಿಯ ಆಕಾರಕ್ಕೂ ವಿಂಡೋಸ್‌, ಮ್ಯಾಕ್‌ ಅಥವಾ ಲಿನಕ್ಸ್‌ ವ್ಯವಸ್ಥೆಗೂ ಇಂಟರ್‌ಫೇಸ್‌ ಹೊಂದುತ್ತದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಿ. ಆರಂಭಕ್ಕೆ ಉಚಿತವಾಗಿ ದೊರೆಯುವ ಆಡಾಸಿಟಿ ತಂತ್ರಾಂಶವೇ ಸಾಕು.

ಮೊಬೈಲ್‌ ಫೋನಿನಲ್ಲಿಯೇ ಮುದ್ರಿಸಬಾರದೇ ಎಂದು ನೀವು ಕೇಳಬಹುದು. ನೆನಪಿಗೆ ಅದು ಸಾಕು. ಆದರೆ ಅನೇಕ ಫೋನುಗಳು ಧ್ವನಿಯ ಏರಿಳಿತವನ್ನು ತಾವಾಗಿಯೇ ಸಮ ಮಾಡುತ್ತವೆ. ಹಾಡಿನ ಜೀವವಿರುವುದು ಆ ಏರಿಳಿತದಲ್ಲಿಯೇ.

ಮಲೆನಾಡಿನ ಎಚ್ಚರಿಕೆಗಳು

ನಮ್ಮ ಕಡೆ ಡೆಸ್ಕ್‌ಟಾಪ್‌ಗಿಂತ ಲ್ಯಾಪ್‌ಟಾಪ್‌ ಸೂಕ್ತ. ಹಾಡಿನ ಮಧ್ಯೆ ಕರೆಂಟು ಹೋದರೂ ಅದು ನಿಲ್ಲದು. ಯು.ಎಸ್‌.ಬಿ.ಯಿಂದಲೇ ವಿದ್ಯುತ್‌ ಪಡೆಯುವ ಇಂಟರ್‌ಫೇಸ್‌ ಜೊತೆಗಿದ್ದರೆ ಹಾಡುವ ಅಜ್ಜಿಯ ಮನೆಗೇ ಎಲ್ಲವನ್ನೂ ಚೀಲದಲ್ಲಿ ಒಯ್ಯಬಹುದು. ಮನೆಯ ಅರ್ಥಿಂಗ್‌ ಸರಿಯಿಲ್ಲದಿದ್ದರೆ ಬರುವ ಗುಂಯ್‌ ಎಂಬ ಸದ್ದೂ ಚಾರ್ಜರ್‌ ಕಿತ್ತಾಗ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಹಂಚಿನ ಮಾಡಿನ ಮೇಲೆ ಮಳೆ ಸುರಿಯುವಾಗ ಮುದ್ರಣ ಬೇಡ. ಬರಿಗೋಡೆಯ ಕೋಣೆಯಲ್ಲಿ ಧ್ವನಿ ಮಾರ್ದನಿಸುವುದರಿಂದ ಹಾಸಿಗೆ, ಕಂಬಳಿಗಳಿರುವ ಒಳಕೋಣೆ ಆರಿಸಿ. ಇದಕ್ಕೆ ಖರ್ಚೇ ಇಲ್ಲ. ಮಳೆಗಾಲದಲ್ಲಿ ಮೈಕ್‌ಗಳನ್ನು ಸಿಲಿಕಾ ಜೆಲ್‌ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಗುಡುಗು ಕೇಳಿದೊಡನೆ ಪ್ಲಗ್‌ ಕಿತ್ತುಬಿಡಿ.

ಹಣ ಕಡಿಮೆಯಿದ್ದರೆ ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪನ್ನೇ ಬಳಸಿ, ಉಳಿದ ಹಣವನ್ನು ಮೈಕ್‌ ಮತ್ತು ಇಂಟರ್‌ಫೇಸಿಗೆ ವೆಚ್ಚ ಮಾಡಿ. ಶಾಲೆಯ ಐದಾರು ಗೆಳೆಯರು ಸೇರಿಯೂ ಕೊಳ್ಳಬಹುದು. ಹಾಡುವವರ ಒಪ್ಪಿಗೆ ಪಡೆದು, ಅವರ ಹೆಸರು, ಊರು, ದಿನಾಂಕಗಳನ್ನು ಮೊದಲಿಗೆ ಅವರ ಬಾಯಲ್ಲೇ ಹೇಳಿಸಿ ಮುದ್ರಿಸಿ. ಪ್ರತಿಯೊಂದನ್ನೂ ಕನಿಷ್ಠ ಎರಡು ಕಡೆ ಉಳಿಸಿ. ಯಂತ್ರವನ್ನು ಮುಂದಿನ ವರ್ಷವೂ ಕೊಳ್ಳಬಹುದು, ಆದರೆ ಈ ವರ್ಷ ಹಾಡಿದ ಕಂಠ ಮುಂದಿನ ದೀಪಾವಳಿಗೆ ಸಿಕ್ಕೀತೆಂಬ ಭರವಸೆಯಿಲ್ಲ.