ಚೊಚ್ಚಲ ಹಸುವೂ ಎಳಗರುವೂ

ವಾತ್ಸಲ್ಯವೆಂಬ ಶಬ್ದವನ್ನು ನಾವು ದಿನವೂ ಬಳಸುತ್ತೇವೆ. ಅದರ ಮೂಲದಲ್ಲಿ ನಿಂತಿರುವುದು ಒಂದು ಕರುವೆಂಬುದನ್ನು ಮಾತ್ರ ಬಹುಮಂದಿ ಮರೆತಿದ್ದೇವೆ. ಸಂಸ್ಕೃತದಲ್ಲಿ ವತ್ಸವೆಂದರೆ ಕರು. ವತ್ಸದಲ್ಲಿ ಪ್ರೀತಿಯುಳ್ಳದ್ದು ವತ್ಸಲ. ಅದರ ಭಾವವೇ ವಾತ್ಸಲ್ಯ. ತಾಯಿಗೆ ಮಗುವಿನಲ್ಲಿ, ಗುರುವಿಗೆ ಶಿಷ್ಯನಲ್ಲಿ ಇರುವ ಅಕ್ಕರೆಗೆಲ್ಲ ನಮ್ಮ ಹಿರಿಯರು ಹಸುವನ್ನೇ ಮೇಲ್ಪಂಕ್ತಿಯಾಗಿ ಕಂಡರು. ಆದರೆ ಆ ಹಸುವೇ ತಾನು ಈದ ಕರುವನ್ನು ಕಂಡು ಬೆದರಿ ಹಿಂದೆ ಸರಿಯುವ, ಕೆಚ್ಚಲಿಗೆ ಬಾಯಿಟ್ಟರೆ ಒದೆದು ದೂಡುವ ಪ್ರಸಂಗವೂ ಉಂಟು. ಚೊಚ್ಚಲ ಹಸುಗಳಲ್ಲಿ ಇದು ಹೆಚ್ಚು. ನೋಡಿದವರು "ಇದೆಂಥ ತಾಯಿ!" ಎಂದು ಹಳಿಯುತ್ತಾರೆ. ಹಳಿಯುವುದಕ್ಕೆ ಮುನ್ನ ಕಾರಣವನ್ನರಿಯುವುದು ಲೇಸು.

ವಿದ್ಯಾಶಾಲೆಯ ಸಂಚಿಕೆಯಲ್ಲಿ ಕೊಟ್ಟಿಗೆಯ ಮಾತೇಕೆಂದು ವಾಚಕ ಮಹಾಶಯರು ಕೇಳಬಹುದು. ನಮ್ಮ ಪ್ರಸಾದನಿಲಯದ ಮಕ್ಕಳ ಹಾಲು ಮಜ್ಜಿಗೆಗಳು ಭಕ್ತರು ಕಾಣಿಕೆಯಾಗಿತ್ತ ಗೋವುಗಳಿಂದಲೇ ಬರುತ್ತವೆ. ಹಾಗೆ ಬರುವವುಗಳಲ್ಲಿ ಇನ್ನೂ ಒಮ್ಮೆಯೂ ಈಯದ ಮಣಕಗಳು ಅನೇಕ. ಕೊಟ್ಟ ದಾನ ಸಾರ್ಥಕವಾಗಬೇಕಾದರೆ ಮೊದಲ ಕರು ಉಳಿಯಬೇಕು. ಇದಲ್ಲದೆ ನನ್ನದೊಂದು ಹಳೆಯ ಋಣವೂ ಇದೆ. ನಾನು ಬಾಲಕನಾಗಿದ್ದಾಗ ನಮ್ಮ ಮನೆಯ ಚೊಚ್ಚಲ ಹಸು ಕರುವನ್ನು ಸೇರಿಸಲಿಲ್ಲ. ಹಸುವನ್ನು ಹೊಡೆದರು; ಕರುವನ್ನು ಬೇರೆಡೆ ಕಟ್ಟಿದರು; ಮೊದಲ ಹಾಲನ್ನೆಲ್ಲ ಕರೆದು ಗಿಣ್ಣು ಕಾಸಿ ನೆರೆಹೊರೆಗೆ ಹಂಚಿದರು. ನಾನೂ ಸಂತೋಷದಿಂದ ತಿಂದೆ. ನಾಲ್ಕನೆಯ ದಿನ ಕರು ಸತ್ತಿತು. ಬಳಿಕ ಅದರ ತೊಗಲಿಗೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸಿ ಹಾಲು ಕರೆದರು. ಬದುಕಿದ್ದಾಗ ಒದೆದ ಹಸು ಆ ತೊಗಲನ್ನು ನೆಕ್ಕಿತು. ತಪ್ಪು ಹಸುವಿನದಲ್ಲ, ನಮ್ಮದೆಂದು ತಿಳಿಯಲು ನನಗೆ ಬಹಳ ವರ್ಷಗಳು ಬೇಕಾದವು.

ಕರು ನೆಲಕ್ಕೆ ಬೀಳುವ ಸಮಯದಲ್ಲಿ ಗರ್ಭದ್ವಾರ ಹಿಗ್ಗಿದಂತೆ ಹಸುವಿನ ಮೈಯೊಳಗೆ ಆಕ್ಸಿಟೋಸಿನ್ ಎಂಬ ಸ್ರಾವವು ಹೆಚ್ಚುತ್ತದೆ. ತಾಯ್ತನದ ಒಲವನ್ನು ಎಚ್ಚರಿಸುವುದೂ ಸೊರೆ ಬಿಡಿಸುವುದೂ ಅದೇ. ಕರುವಿನ ಮೈಮೇಲಿನ ಲೋಳೆಯ ವಾಸನೆ ಆ ಹೊತ್ತಿನಲ್ಲಿ ತಾಯಿಯನ್ನು ಸೆಳೆಯುತ್ತದೆ. ನೆಕ್ಕುತ್ತ ನೆಕ್ಕುತ್ತ ಅದು ತನ್ನ ಕರುವಿನ ಗುರುತು ಹಿಡಿಯುತ್ತದೆ. ಈ ನಂಟು ಬೆಸೆಯುವುದಕ್ಕೆ ಮೊದಲ ಕೆಲವು ಗಂಟೆಗಳೇ ಮುಖ್ಯ. ಚೊಚ್ಚಲ ಹಸುವಿಗಾದರೋ ನೋವು ಹೊಸದು, ಬಿಗಿದ ಕೆಚ್ಚಲು ಹೊಸದು, ಕಾಲಬುಡದಲ್ಲಿ ಅಲುಗುವ ಜೀವವೂ ಹೊಸದು. ಹೆರಿಗೆ ಕಷ್ಟವಾಗಿದ್ದರೆ ಬಳಲಿಕೆ ಬೇರೆ. ಸುತ್ತ ಜನ ನೆರೆದು ಗದ್ದಲ ಮಾಡಿದರೆ ಅದು ಇನ್ನಷ್ಟು ಬೆದರುತ್ತದೆ. ಬೆದರಿದ ಹಸುವಿಗೆ ಹಾಲಿಳಿಯದು. ದನಗಳೊಡನೆಯೇ ಬಾಳು ಸವೆಸಿದ ವೃದ್ಧರೊಬ್ಬರು ಒಮ್ಮೆ ನನಗೆ ಹೇಳಿದರು: "ಗುರುಗಳ, ಅದಕ್ಕ ಸಿಟ್ಟು ಬಂದಿಲ್ರಿ, ಅಂಜಿಕಿ ಬಂದೈತ್ರಿ." ಇಡಿಯ ಶಾಸ್ತ್ರದ ತಿರುಳು ಈ ಒಂದು ಮಾತಿನಲ್ಲಿದೆ.

ಆದುದರಿಂದ ಸಿದ್ಧತೆ ಈಯುವುದಕ್ಕೆ ಮೊದಲೇ ತೊಡಗಬೇಕು. ಗರ್ಭದ ಅವಧಿ ಸುಮಾರು 280 ದಿನಗಳು. ಕೊನೆಯ ಎರಡು ತಿಂಗಳಲ್ಲಿ ದಿನವೂ ಮೈದಡವಿ, ಬೆನ್ನು ಹೊಟ್ಟೆಗಳ ಮೇಲೆ ಕೈಯಾಡಿಸಿ, ಕ್ರಮೇಣ ಕೆಚ್ಚಲನ್ನೂ ಮುಟ್ಟಿ ರೂಢಿ ಮಾಡಿಸಬೇಕು. ಹಾಲು ಮಾತ್ರ ಹಿಂಡಬಾರದು. ಈಯುವ ಒಂದೆರಡು ವಾರ ಮೊದಲೇ ಒಣಹುಲ್ಲು ಹಾಸಿದ ಶುಚಿಯಾದ ಪ್ರತ್ಯೇಕ ಸ್ಥಳಕ್ಕೆ ಒಗ್ಗಿಸಬೇಕು.

ಕರು ಹುಟ್ಟಿದೊಡನೆ ಅದರ ಮೂಗು ಬಾಯಿಗಳ ಲೋಳೆಯನ್ನು ತೆಗೆದು, ಉಸಿರಾಟವನ್ನು ನೋಡಿ, ಹೊಕ್ಕುಳಬಳ್ಳಿಗೆ ಟಿಂಚರ್ ಅಯೋಡಿನ್ ಹಚ್ಚಿ, ತಾಯಿಯ ಮುಖದ ಬಳಿ ಮಲಗಿಸಬೇಕು. ಮೈ ತೊಳೆಯಬಾರದು, ತೊಳೆದರೆ ಗುರುತಿನ ವಾಸನೆಯನ್ನೇ ತೊಳೆದಂತೆ. ಬಳಿಕ ನಾವು ದೂರ ಸರಿದು ನಿಲ್ಲುವುದು ಒಳ್ಳೆಯದು. ತಾಯಿಯ ನಾಲಿಗೆ ಕರುವಿನ ಮೈಯನ್ನು ಒಣಗಿಸುತ್ತದೆ, ರಕ್ತಸಂಚಾರವನ್ನು ಚುರುಕುಗೊಳಿಸುತ್ತದೆ. ಹಸು ನೆಕ್ಕದಿದ್ದರೆ ಆ ಲೋಳೆಯನ್ನೇ ಸ್ವಲ್ಪ ಅದರ ಮೂತಿಗೂ ನಾಲಿಗೆಗೂ ಸವರಬೇಕು. ಕರುವಿನ ಬೆನ್ನಮೇಲೆ ತುಸು ಉಪ್ಪು, ಬೆಲ್ಲದ ಪುಡಿ ಅಥವಾ ತವುಡು ಉದುರಿಸುವುದು ನಮ್ಮ ರೈತರ ಹಳೆಯ ಉಪಾಯ. ರುಚಿಗಾಗಿ ನೆಕ್ಕಲು ತೊಡಗಿದ ಹಸು ಎಷ್ಟೋ ಸಲ ಮಮತೆಯಿಂದ ಮುಂದುವರಿಯುತ್ತದೆ. ಆದರೂ ನೆಕ್ಕದಿದ್ದರೆ ಒಣ ಗೋಣಿಬಟ್ಟೆಯಿಂದ ನಾವೇ ಕರುವಿನ ಮೈಯುಜ್ಜಬೇಕು.

ಇನ್ನು ಹಾಲಿನ ವಿಚಾರ. ಮನುಷ್ಯರಲ್ಲಿ ರೋಗನಿರೋಧಕ ಶಕ್ತಿಯ ಒಂದು ಪಾಲು ಗರ್ಭದಲ್ಲಿಯೇ ಶಿಶುವಿಗೆ ಬರುತ್ತದೆ, ಹಸುವಿನಲ್ಲಿ ಹಾಗಿಲ್ಲ. ಕರುವಿಗೆ ಆ ಶಕ್ತಿ ದೊರೆಯುವುದು ಗಿಣ್ಣುಹಾಲಿನಿಂದಲೇ. ಅದನ್ನು ರಕ್ತಕ್ಕೆ ಸೇರಿಸಿಕೊಳ್ಳುವ ಸಾಮರ್ಥ್ಯ ಕರುವಿನ ಕರುಳಿಗೆ ಸುಮಾರು 24 ಗಂಟೆಗಳಷ್ಟೇ ಇದ್ದು, ಹೊತ್ತು ಕಳೆದಂತೆ ಕುಗ್ಗುತ್ತದೆ. ಆದಕಾರಣ ಒಂದೆರಡು ಗಂಟೆಗಳೊಳಗೆ ಮೊದಲ ಗುಟುಕು ಸೇರಬೇಕು. ಮೊದಲ ದಿನದಲ್ಲಿ ಕರುವಿನ ತೂಕದ ಹತ್ತನೆಯ ಒಂದು ಪಾಲಿನಷ್ಟಾದರೂ, ಎಂದರೆ 20 ಕಿಲೋ ತೂಗುವ ಕರುವಿಗೆ 2 ಲೀಟರಿನಷ್ಟು, ಹಲವು ಸಲವಾಗಿ ಸಲ್ಲಬೇಕು. ಮಾಸು ಬೀಳುವ ತನಕ ಕರುವಿಗೆ ಹಾಲು ಬಿಡಬಾರದೆಂದು ಕಾಯುವವರಿದ್ದಾರೆ, ಅದು ತಪ್ಪು. ಕರು ಹಾಲುಂಡರೆ ಮಾಸು ಬೀಳುವುದಕ್ಕೂ ಸಹಾಯವೇ.

ಹಸು ಒದೆಯುವುದಾದರೆ ಮೊದಲು ಕೆಚ್ಚಲನ್ನು ಪರೀಕ್ಷಿಸಬೇಕು. ಗಾಯ, ಬಾವು, ಗಂಟು ಕಂಡರೆ ಪಶುವೈದ್ಯರನ್ನು ಕರೆಯಿಸಬೇಕು. ಬರಿಯ ಬಿಗಿತವಾದರೆ ಬೆಚ್ಚನೆಯ ನೀರಿನಿಂದ ಒರಸಿ, ನಾಲ್ಕಾರು ಧಾರೆ ಹಿಂಡಿದರೆ ನೋವು ತಗ್ಗುತ್ತದೆ. ಹಸುವನ್ನು ಗೋಡೆಯ ಪಕ್ಕಕ್ಕೆ ಗಿಡ್ಡಹಗ್ಗದಲ್ಲಿ ಕಟ್ಟಿ, ಗೋದಲಿಯಲ್ಲಿ ಮೆಚ್ಚಿನ ಮೇವಿರಿಸಿ, ಪರಿಚಿತರೊಬ್ಬರು ಭುಜದ ಬಳಿ ನಿಂತು ಮೈದಡವಬೇಕು. ಕರುವನ್ನು ಹಿಂದಿನಿಂದ ತರದೆ, ಪಕ್ಕದಿಂದ, ಅದರ ಬಾಲ ತಾಯಿಯ ಮೂಗಿನ ಕಡೆಗಿರುವಂತೆ ತರಬೇಕು. ಕರು ಉಣ್ಣುವಾಗ ತಾಯಿ ಅಲ್ಲಿಯೇ ಮೂಸಿ ಗುರುತಿಸುವುದು. ಒದೆತ ನಿಲ್ಲದಿದ್ದರೆ ಒಬ್ಬರು ಮುಂಗಾಲೊಂದನ್ನು ಮಡಿಸಿ ಎತ್ತಿ ಹಿಡಿಯಬಹುದು. ಹಿಂಗಾಲಿಗೆ ಹಗ್ಗ ಹಾಕಲೇಬೇಕಾದರೆ ಎಳೆದೊಡನೆ ಬಿಚ್ಚುವ ಗಂಟಿರಲಿ. ಕೋಲು ಮಾತ್ರ ಕೂಡದು. ಹೊಡೆತ ತಿಂದ ಹಸು ಆ ನೋವನ್ನು ಕರುವಿನೊಡನೆಯೇ ಸೇರಿಸಿ ನೆನಪಿಡುತ್ತದೆ.

ಹೀಗೆ ದಿನಕ್ಕೆ ಮೂರು ನಾಲ್ಕು ಸಲ ತಾಳ್ಮೆಯಿಂದ ನಡೆಸಿದರೆ ಕೆಲವು ದಿನಗಳಲ್ಲಿ ಬಹುತೇಕ ಹಸುಗಳು ಒಪ್ಪುತ್ತವೆ. ಅಂಜಿ ಒದೆಯುವುದು ಬೇರೆ, ಕೊಂಬಿನಿಂದ ತಿವಿಯುವುದು ಬೇರೆ. ತಿವಿಯುವ ಹಸುವಿನ ಬಳಿ ಕರುವನ್ನು ಒಂಟಿಯಾಗಿ ಬಿಡದೆ, ನೋಡಿ ಮೂಸಲು ಬರುವಂತೆ ನಡುವೆ ಅಡ್ಡಗಳು ಕಟ್ಟಬೇಕು. ಅಷ್ಟು ದಿನ ಗಿಣ್ಣುಹಾಲನ್ನು ಕರೆದು, ಬಟ್ಟಲಲ್ಲಿ ಬೆರಳು ಚೀಪಿಸುತ್ತಲೋ ಸೀಸೆಯಿಂದಲೋ ಕುಡಿಸಬೇಕು. ಗೊಟ್ಟದಿಂದ ಸುರಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. 12 ಗಂಟೆಗಳಾದರೂ ಮಾಸು ಬೀಳದಿದ್ದರೆ ಕೈಯಿಂದ ಎಳೆಯದೆ ವೈದ್ಯರಿಗೆ ತಿಳಿಸಬೇಕು. ಸೊರೆ ಬಿಡಿಸುವ ಸೂಜಿಮದ್ದನ್ನು ಅವರ ಅಪ್ಪಣೆಯಿಲ್ಲದೆ ಕೊಡಿಸಬಾರದು.

ನಮ್ಮ ನಾಡತಳಿಯ ಹಸುಗಳು ಬಹುಮಟ್ಟಿಗೆ ಕರುವಿಲ್ಲದೆ ಸೊರೆ ಬಿಡವು. ಆದ್ದರಿಂದ ಕರುವಿನ ಪಾಲನ್ನು ಮೊದಲು ಸಲ್ಲಿಸುವುದು ದಯೆಯೂ ಹೌದು, ಲೆಕ್ಕಾಚಾರವೂ ಹೌದು. ಕರುವಿಗೆ ಮಿಕ್ಕಿದ್ದೇ ನಮಗೆ ಪ್ರಸಾದ.

ಕರು ಎಂಬುದಕ್ಕೂ ಕರುಣೆ ಎಂಬುದಕ್ಕೂ ನಂಟು ಕಲ್ಪಿಸಿ ಭಾಷಣ ಮಾಡುವವರಿದ್ದಾರೆ. ಮೊದಲನೆಯದು ಅಚ್ಚಗನ್ನಡ, ಎರಡನೆಯದು ಸಂಸ್ಕೃತ. ವ್ಯಾಕರಣ ಆ ನಂಟನ್ನು ಒಪ್ಪದು. ಕೊಟ್ಟಿಗೆಯಲ್ಲಿ ಮಾತ್ರ ಆ ನಂಟನ್ನು ನಾವು ಕೈಯಾರೆ ಉಂಟುಮಾಡಬಹುದು. ಊರು ಬಿಟ್ಟು ಬಂದು ಪ್ರಸಾದನಿಲಯದ ಮೂಲೆಯಲ್ಲಿ ಮುಖ ತಿರುಗಿಸಿ ಕುಳಿತ ಹೊಸ ಹುಡುಗನನ್ನು ಕಂಡಾಗಲೂ ನನಗೆ ಆ ವೃದ್ಧರ ಮಾತೇ ನೆನಪಾಗುತ್ತದೆ. ಸಿಟ್ಟೆಂದು ನಾವು ತಿಳಿದದ್ದು ಅನೇಕ ವೇಳೆ ಅಂಜಿಕೆಯೇ ಆಗಿರುತ್ತದೆ. ಅದಕ್ಕೆ ಮದ್ದು ಕೋಲಲ್ಲ. ಮೈದಡವುವ ಕೈ, ಮತ್ತು ಕಾಯುವ ತಾಳ್ಮೆ.